ಪೇಪರಿನ್ಯಾಗ ಇಲ್ಲದ ಮಾತು

ಎಲ್ಲ ತಾಪತ್ರಯಕ್ಕೂ ಮೂಲ ಒಂದೇ ಒಂದು ಮಾತು. ಅದನ್ನು ರಾಯಿಕೋಡಿನ ಮನ್ಮಥಪ್ಪ ಎರಡು ತಿಂಗಳ ಹಿಂದೆ ಶಂಕ್ರೆಪ್ಪನ ಅಂಗಡಿಯ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಹೇಳಿದ್ದ.

"ನಾ ಸತ್ರ ನನ್ನ ಹೆಣಾನೂ ಆ ಇದ್ದಿಲು ಬಸ್ಸಿನ್ಯಾಗ ಹಾಕಬ್ಯಾಡ್ರಿ."

ನಿಜಾಮನ ಕಾಲದ ಫಸಲಿ 1353ರ, ಅಂದರೆ ಇಸವಿ 1943-44ರ ಮಾತು ಇದು. ದೊಡ್ಡ ಲಡಾಯಿ ನಡೆದಿತ್ತು, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ರಾಯಿಕೋಡಿನಿಂದ ಜಹೀರಾಬಾದಿಗೆ ಹೋಗಿಬರುತ್ತಿದ್ದ ಒಂದೇ ಒಂದು ಬಸ್ಸಿನ ಬೆನ್ನಿಗೆ ಅದರ ಮಾಲಕ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿಸಿದ್ದ. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಚ್ಚಿ, ಬಾಜೂಕಿನ ಪಂಖ ತಿರುಗಿಸಿದರೆ ಒಂದು ಗ್ಯಾಸು ಹುಟ್ಟುತ್ತಿತ್ತು. ಆ ಗ್ಯಾಸಿನಿಂದ ಇಂಜಿನ್ನು ನಡೆಯುತ್ತಿತ್ತು. ನಡೆಯುತ್ತಿತ್ತು ಅಂದರೆ, ಮನಸ್ಸು ಬಂದಾಗ ನಡೆಯುತ್ತಿತ್ತು.

ಮನ್ಮಥಪ್ಪ ತೊಗರಿಬೇಳೆಯ ವ್ಯಾಪಾರಿ. ಆದರೆ ಊರಿನಲ್ಲಿ ಅವನಿಗಿದ್ದ ಹೆಸರು ಬೇಳೆಯಿಂದ ಬಂದದ್ದಲ್ಲ, ಅಖಬಾರಿನಿಂದ ಬಂದದ್ದು. ಬೀದರಿನ ಶಾಲೆಯಲ್ಲಿ ಉರ್ದು ಕಲಿತಿದ್ದ. ದಿನಾ ಸಂಜೆ ಬಸ್ಸಿನಲ್ಲಿ ಹೈದರಾಬಾದಿನ ಉರ್ದು ಪೇಪರು ಒಂದೇ ಒಂದು ಪ್ರತಿ ಬರುತ್ತಿತ್ತು. ಶಂಕ್ರೆಪ್ಪನ ಕಟ್ಟೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಮಂದಿ ಕೂಡುತ್ತಿದ್ದರು. ಮನ್ಮಥಪ್ಪ ಉರ್ದುವಿನ ಮೇಲೆ ಕಣ್ಣಾಡಿಸಿ ಕನ್ನಡದಲ್ಲಿ ಹೇಳುತ್ತಿದ್ದ. ತೊಂದರೆಯೆಂದರೆ, ಪೇಪರು ಎಲ್ಲಿ ಮುಗಿಯಿತು, ಮನ್ಮಥಪ್ಪ ಎಲ್ಲಿ ಶುರುವಾದ ಎಂಬುದು ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ. ಖರೆ ಹೇಳಬೇಕೆಂದರೆ ಈಚೆಗೆ ಅವನಿಗೂ ಗೊತ್ತಾಗುತ್ತಿರಲಿಲ್ಲ.

ಹೊಸದು ಏನು ಬಂದರೂ ಅವನಿಗೆ ಅನುಮಾನ. ಎಲ್ಲೋ ಒಂದು ಕಡೆ ಶೇರು ಕಂಪನಿ ನಿಂತಿತು ಎಂದು ಪೇಪರಿನಲ್ಲಿ ಎರಡು ಸಾಲು ಇದ್ದರೆ, "ಶೇರು ಅಂದ್ರ ಏನು? ನೂರು ಮಂದಿ ಗಂಟು ಒಬ್ಬನ ಪೆಟಿಗ್ಯಾಗ ಇಡೂದು, ಆಮ್ಯಾಲ ಆ ಒಬ್ಬನ್ನ ಹುಡಕೂದು" ಎಂದು ಇವನು ಇಪ್ಪತ್ತು ಸಾಲು ಸೇರಿಸುತ್ತಿದ್ದ. ವನಸ್ಪತಿ ತುಪ್ಪದ ಕಾರಖಾನೆ ಎಂದು ಬಂದರೆ, "ಎಮ್ಮಿ ಇಲ್ಲ, ಹಾಲಿಲ್ಲ, ಬೆಣ್ಣಿ ಇಲ್ಲ, ತುಪ್ಪ ಮಾತ್ರ ಅದ. ಇಂಥಾ ತುಪ್ಪಕ್ಕ ಹೋಳಿಗೀನೂ ಕಂಪನಿದೇ ಬೇಕು" ಎನ್ನುತ್ತಿದ್ದ. ಕೊನೆಗೆ ಎಲ್ಲಕ್ಕೂ ಒಂದೇ ಮುಕ್ತಾಯ: "ಒಂದು ಮಾತು ತಲ್ಯಾಗ ಇಟಗೋರಿ. ಹೊಸ ಕಂಪನಿ ಹೊಗಳಾಂವ ಆ ಕಂಪನಿದು ಉಂಡಿರ್ತಾನ." ಮಂದಿ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಮರುದಿನ ಹೊಲದಲ್ಲಿ, ಬಾವಿಯ ಕಟ್ಟೆಯಲ್ಲಿ ಅದೇ ಮಾತು, ಹಿಂದೆ ಒಂದು ಬಾಲ ಹಚ್ಚಿಕೊಂಡು ತಿರುಗುತ್ತಿತ್ತು: "ಪೇಪರಿನ್ಯಾಗ ಬಂದದ."

ಇದ್ದಿಲು ಬಸ್ಸಿನದೂ ಹೀಗೇ ಆಯಿತು. ಪೇಪರಿನಲ್ಲಿ ಇದ್ದದ್ದು ಇಷ್ಟೇ: ಇಂಥ ಬಸ್ಸುಗಳು ಓಡತೊಡಗಿವೆ, ಪೆಟ್ರೋಲು ಉಳಿಯುತ್ತದೆ. ಮನ್ಮಥಪ್ಪ ಅದಕ್ಕೆ ಸೇರಿಸಿದ: "ಏರು ಬಂದಾಗ ಗ್ಯಾಸು ತಿರುಗಿ ಡ್ರಮ್ಮಿಗೇ ಬರ್ತದ. ಈಗ ನಮ್ಮ ಹುಣಸಿ ದಿಬ್ಬಾನೇ ತಗೋರಿ. ಅರ್ಧ ದಿಬ್ಬ ಹತ್ತಿದ ಕೂಡ್ಲೆ ಡ್ರಮ್ಮು ಢಂ ಅಂತದ." ಮರುದಿನ ಊರಿಗೆ ಊರೇ ಗಂಭೀರವಾಗಿತ್ತು. ಹುಣಸಿ ದಿಬ್ಬದ ಹೆಸರು ಹೈದರಾಬಾದಿನ ಪೇಪರಿನಲ್ಲಿ ಬಂದಿತ್ತಲ್ಲ. ಕೆಲವರಿಗೆ ಹೆದರಿಕೆಯ ಜೊತೆಗೆ ಸಣ್ಣ ಅಭಿಮಾನವೂ ಆಯಿತು. ಅಂದಿನಿಂದ ಬಸ್ಸಿನಲ್ಲಿ ಹೋಗುವವರು ದಿಬ್ಬದ ಬುಡದಲ್ಲಿ ಇಳಿದು, ದಿಬ್ಬವನ್ನು ನಡೆದು ಏರಿ, ಮೇಲೆ ಮತ್ತೆ ಬಸ್ಸು ಹತ್ತುವ ರಿವಾಜು ಬಿತ್ತು. ಬಸ್ಸಿನ ಕ್ಲೀನರು ಕೆಲಸವನ್ನೇ ಬಿಟ್ಟು ಹೋದ.

ಗುರುವಾರ ಬೆಳಿಗ್ಗೆ ಟಪಾಲಿನ ಪೋಚಪ್ಪ ಮನ್ಮಥಪ್ಪನ ಮನೆಗೆ ಒಂದು ಕಾಗದ ತಂದುಕೊಟ್ಟ. ತಾಂಡೂರಿನ ರೇವಪ್ಪ ಬರೆದದ್ದು. ರೇವಪ್ಪನ ಮಗ ಸೋಮಶೇಖರನಿಗೆ ಮನ್ಮಥಪ್ಪನ ಮಗಳು ವಿಮಲಾಳನ್ನು ಕೊಡುವ ಮಾತು ಒಂದು ತಿಂಗಳಿಂದ ಕಾಗದದ ಮೇಲೇ ನಡೆದಿತ್ತು. ಬೀಗರು ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ರೇವಪ್ಪ ಬರೆದಿದ್ದ: "ಗುರುವಾರ ನಡುಹಗಲ ರೈಲಿಗೆ ಬೀದರಿಗೆ ಹೊರಟಿದ್ದೇನೆ. ಅಲ್ಲಿಯೂ ಒಂದು ಹೆಣ್ಣು ಹೇಳಿದ್ದಾರೆ. ಜಹೀರಾಬಾದಿನಲ್ಲಿ ರೈಲು ಇಪ್ಪತ್ತು ನಿಮಿಷ ನಿಲ್ಲುತ್ತದೆ. ತಾವು ಸ್ಟೇಷನ್ನಿಗೆ ಬಂದರೆ ಮಾತು ಮುಗಿಸೋಣ. ಬರದಿದ್ದರೆ ತಮಗೆ ಮನಸ್ಸಿಲ್ಲ ಎಂದು ತಿಳಿಯುತ್ತೇನೆ."

ವಿಮಲಾಳಿಗೆ ಇದು ಮೂರನೆಯ ಸಂಬಂಧ. ಮೊದಲನೆಯದು ಜಾತಕ ಕೂಡದೆ ಹೋಯಿತು. ಎರಡನೆಯ ಹುಡುಗ ವಿಮಾ ಕಂಪನಿಯಲ್ಲಿ ನೌಕರಿ ಮಾಡುತ್ತಿದ್ದ. ಅವನ ಅಪ್ಪನ ಎದುರಿಗೇ ಮನ್ಮಥಪ್ಪ, "ಸತ್ತ ಮ್ಯಾಲ ರೊಕ್ಕ ಕೊಡ್ತೀವಂತಾರ. ಸಿಕ್ಕೇತಂತ ಹೇಳಾಕ ಸತ್ತಾಂವ ಯಾರೂ ತಿರುಗಿ ಬಂದಿಲ್ಲ" ಎಂದಿದ್ದ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆ ರಾತ್ರಿ ವಿಮಲಾ ಊಟ ಮಾಡಿರಲಿಲ್ಲ. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತ್ತು. ಈಗಿನ ಹುಡುಗ ಸೋಮಶೇಖರನನ್ನು ಅವಳು ಒಂದು ಮದುವೆಯಲ್ಲಿ ಕಂಡಿದ್ದಳು, ಮನಸ್ಸಿಗೂ ಬಂದಿತ್ತು. ಇದು ತಪ್ಪಿದರೆ ಮಗಳ ಮುಖ ನೋಡುವುದು ಹೇಗೆಂದು ಮನ್ಮಥಪ್ಪನಿಗೆ ನಿಜಕ್ಕೂ ಅಂಜಿಕೆಯಾಗಿತ್ತು.

"ಎತ್ತಿನ ಗಾಡಿ ಕಟ್ಟಲೇನು?" ಎಂದ.

"ಸಂಜಿಗಿ ಮುಟ್ಟತದ. ಅಷ್ಟೊತ್ತಿಗಿ ಅವರು ಬೀದರಿನ್ಯಾಗ ಹೆಣ್ಣು ನೋಡಿ ಉಪ್ಪಿಟ್ಟು ತಿಂತಿರ್ತಾರ," ಎಂದಳು ಹೆಂಡತಿ ತಾರಾಬಾಯಿ. "ಬಸ್ಸಿಗಿ ಹೋಗ್ರಿ."

"ಹ್ಯಾಂಗ್ ಹೋಗಲಿ? ಊರಿಗೆಲ್ಲ ಹೇಳೀನಿ."

"ಹೆಣಾ ಹಾಕಬ್ಯಾಡ್ರಿ ಅಂತ ಹೇಳೀರಿ. ಜೀವಂತ ಕುಂದರೂದಿಲ್ಲ ಅಂತ ಎಲ್ಲಿ ಹೇಳೀರಿ?"

ತಾರಾಬಾಯಿ ಹಳೆಯ ಧೋತರದ ತುಂಡು ತಂದು ಅವನ ಗದ್ದದಿಂದ ನೆತ್ತಿಯವರೆಗೆ ಬಿಗಿದು, ಮೇಲೆ ಶಾಲು ಹೊದಿಸಿದಳು. ಹಲ್ಲುನೋವಿನ ಮನುಷ್ಯನನ್ನು ಯಾರೂ ಮಾತಾಡಿಸುವುದಿಲ್ಲ, ಮುಖವೂ ಮುಚ್ಚಿರುತ್ತದೆ. ಊರಿನಲ್ಲಿ ಬಸ್ಸು ಹತ್ತದೆ ಒಂದು ಮೈಲು ಮುಂದೆ ನಡೆದುಹೋಗಿ ಬೇವಿನ ಗಿಡದ ಕೆಳಗೆ ನಿಂತರೆ ಆಯಿತು.

ಬಸ್ಸು ಬಂತು. ಡ್ರೈವರ್ ಮೊಗಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಿಂದ ಡ್ರಮ್ಮಿನ ಬಾಜೂಕ ಜಾಗಾ ಅದ" ಎಂದ. ಆ ಜಾಗ ಯಾವಾಗಲೂ ಖಾಲಿಯೇ ಇರುತ್ತಿತ್ತು. ಮನ್ಮಥಪ್ಪ ಕೂತ. ಹಿಂದಿನ ಒಡೆದ ಕಿಟಕಿಯಿಂದ ಇದ್ದಿಲಿನ ಪುಡಿ ಬಂದು ಅವನ ಮೂಗು, ಹುಬ್ಬು, ಶಾಲಿನ ಮೇಲೆ ಸಣ್ಣಗೆ ಇಳಿಯತೊಡಗಿತು.

ಬಸ್ಸಿನಲ್ಲಿ ಹತ್ತು ಹನ್ನೆರಡು ಮಂದಿ. ಎದುರಿಗೆ ಊರಿನ ಸುಂದರಬಾಯಿ, ಜಹೀರಾಬಾದಿನಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದ ಮುದುಕಿ. ಅವಳ ಆಚೆ ಕಂಬಳಿ ಮಾರುವ ಮಾಳಿಂಗಪ್ಪ, ಶಂಕ್ರೆಪ್ಪನ ಕಟ್ಟೆಯ ಖಾಯಂ ಗಿರಾಕಿ, ಅಖಬಾರಿನ ಒಂದು ದಿನವೂ ತಪ್ಪಿಸಿದವನಲ್ಲ. ಕಿಟಕಿಯ ಹತ್ತಿರ ಕರಿಕೋಟು ಹಾಕಿದ ಒಬ್ಬ ಪರಸ್ಥಳದ ಹಿರಿಯ. ನಿನ್ನೆ ಸಂಜೆ ಕಟ್ಟೆಯ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಇಂಥವನೊಬ್ಬ ಕೂತಿದ್ದನೇನೋ ಎಂದು ಮನ್ಮಥಪ್ಪನಿಗೆ ಅನ್ನಿಸಿತು, ಆದರೆ ಕೇಳುವವರ ಮುಖ ಅವನು ಎಂದೂ ನೋಡಿದವನಲ್ಲ.

"ಹಲ್ಲೇನ್ರಿ?" ಸುಂದರಬಾಯಿ ಬಾಗಿ ಕೇಳಿದಳು.

ಮನ್ಮಥಪ್ಪ ತಲೆಯಾಡಿಸಿದ.

"ಎಡಕೋ ಬಲಕೋ?"

ಅವನು ಅಂದಾಜಿನ ಮೇಲೆ ಎಡಗಡೆ ತೋರಿಸಿದ. ಮುದುಕಿ ಸೊಂಟದ ಸಂಚಿ ಬಿಚ್ಚಿ ಲವಂಗ, ತಂಬಾಕು, ಸುಣ್ಣ ಅಂಗೈಯಲ್ಲಿ ತಿಕ್ಕಿ, ಇವನು ಬೇಡ ಎಂದು ಕೈ ಆಡಿಸುವಷ್ಟರಲ್ಲಿ ಅರಿವೆ ಸರಿಸಿ ಎಡ ದವಡೆಗೆ ಒತ್ತಿಯೇ ಬಿಟ್ಟಳು. "ಉಗುಳಬ್ಯಾಡ್ರಿ. ಒಂದ್ ತಾಸು ಹಿಡೀರಿ," ಎಂದಳು. ಮನ್ಮಥಪ್ಪನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ನಾಲಿಗೆ ಇದೆಯೋ ಇಲ್ಲವೋ ತಿಳಿಯದಾಯಿತು, ಗಲ್ಲ ನಿಜವಾಗಿಯೂ ಬಾತಿತು.

ಮಾಳಿಂಗಪ್ಪ ಕರಿಕೋಟಿನವನಿಗೆ ಊರಿನ ವಿಚಾರ ಹೇಳತೊಡಗಿದ್ದ.

"ಇನ್ನೊಂದ್ ಸ್ವಲ್ಪಕ್ಕ ಹುಣಸಿ ದಿಬ್ಬ ಬರ್ತದ್ರಿ. ಅಲ್ಲಿ ಇಳಿಯೂದದ."

"ಯಾಕ?"

"ಅಲ್ಲೇ ಡ್ರಮ್ಮು ಒಡಿಯೂದು. ಪೇಪರಿನ್ಯಾಗ ಬಂದದ."

"ದಿಬ್ಬದ ಹೆಸರು ಪೇಪರಿನ್ಯಾಗ ಬಂದದ?"

"ಹೆಸರಷ್ಟೇ ಅಲ್ರಿ, ಎಷ್ಟನೇ ಗಿಡದ ಹತ್ರ ಒಡೀತದಂತಾನೂ ಬಂದದ. ಮೂರನೇದು. ನಮ್ಮ ಮನ್ಮಥಪ್ಪನೋರು ಓದಿ ಹೇಳ್ಯಾರ."

ಮೂರನೆಯ ಗಿಡದ ಮಾತು ಮನ್ಮಥಪ್ಪ ಎಂದೂ ಆಡಿರಲಿಲ್ಲ. ಬಾಯಿ ತೆರೆಯಬೇಕೆನಿಸಿತು. ತೆರೆಯುವಂತಿರಲಿಲ್ಲ. ಹದಿನೈದು ವರ್ಷದಿಂದ ಎಲ್ಲದರ ಮೇಲೂ ಮಾತಾಡಿದವನು ತನ್ನದೇ ಮಾತಿನ ಬಗ್ಗೆ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಮನ್ಮಥಪ್ಪ ಅನ್ನೋರು ಹ್ಯಾಂಗ ಮನುಷ್ಯಾರು?" ಕರಿಕೋಟಿನವನು ಕೇಳಿದ.

"ಏ, ಅವರ ಮಾತು ಅಂದ್ರ ಛಾಪಿಸಿದಂಗ್ರಿ," ಎಂದ ಮಾಳಿಂಗಪ್ಪ.

"ಅವರಿಗೊಬ್ಬಾಕಿ ಮಗಳು ಅದಾಳಂತಲ್ಲ?"

"ಭಾಳ ಛೊಲೊ ಹುಡುಗಿ ಅಂತ್ರಿ," ಎಂದಳು ಸುಂದರಬಾಯಿ. "ಮನ್ಮಥಪ್ಪನೋರೇ ಹೇಳ್ತಿರ್ತಾರ."

ಕರಿಕೋಟಿನವನು ಕಿಟಕಿಯ ಕಡೆಗೆ ತಿರುಗಿಕೊಂಡ.

ದಿಬ್ಬ ಬಂತು. ಎಲ್ಲರೂ ಇಳಿದರು. ಮನ್ಮಥಪ್ಪನೂ ಇಳಿದ. ಒಡೆಯುವ ಮಾತು ತಾನೇ ಹುಟ್ಟಿಸಿದ್ದೆಂದು ಅವನಿಗೆ ಗೊತ್ತಿತ್ತು. ಆದರೆ ಇಷ್ಟು ಮಂದಿಯ ಬಾಯಲ್ಲಿ ಕೇಳಿದ ಮೇಲೆ, ಏನೋಪ್ಪ, ಪೇಪರಿನಲ್ಲಿ ಬಂದಿದ್ದರೂ ಬಂದಿರಬಹುದು ಎಂದು ಅವನಿಗೇ ಅನ್ನಿಸತೊಡಗಿತ್ತು. ಖಾಲಿ ಬಸ್ಸು ಕೆಮ್ಮುತ್ತ ಏರಿತು. ಬರಾಬರ್ ಮೂರನೆಯ ಗಿಡದ ಹತ್ತಿರ ನಿಂತುಬಿಟ್ಟಿತು.

ಮಂದಿ ಇದ್ದಲ್ಲೇ ನಿಂತರು. ಸುಂದರಬಾಯಿ ಶಿವಶಿವಾ ಎಂದು ಕಣ್ಣು ಮುಚ್ಚಿಕೊಂಡಳು.

ಮೊಗಲಪ್ಪ ಇಳಿದು ಬಂದ. "ಇದ್ದಿಲು ಆರ್ಯಾದ, ಮತ್ತೇನಿಲ್ಲ. ನಾ ಒಳಗ ಕುಂದರಬೇಕು. ಒಬ್ರು ಪಂಖ ತಿರುಗಿಸ್ರಿ, ಒಬ್ರು ಗಾಲಿಗಿ ಕಲ್ಲು ಇಡ್ರಿ. ಕ್ಲೀನರಂತೂ ನಿಮ್ಮ ಪೇಪರಿನ ಮಾತಿಗಿ ಅಂಜಿ ಓಡಿ ಹೋಗ್ಯಾನ."

ಯಾರೂ ಅಲುಗಾಡಲಿಲ್ಲ. "ಮೂರನೇ ಗಿಡ," ಎಂದ ಮಾಳಿಂಗಪ್ಪ, ಮೆಲ್ಲಗೆ.

ಬಿಸಿಲು ಏರಿತ್ತು. ರೈಲಿಗೆ ಇನ್ನೆರಡು ತಾಸು ಮಾತ್ರ. ಮಂದಿಯ ಅಂಜಿಕೆ ಬಿಡಿಸಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ, ಅವನು ಹಲ್ಲುನೋವೆಂದು ಗದ್ದ ಕಟ್ಟಿಕೊಂಡು ನಿಂತಿದ್ದ. ಬಾಯಿ ಬಿಟ್ಟರೆ ಹದಿನೈದು ವರ್ಷದ ಹೆಸರು ಹೋಗುತ್ತದೆ. ಬಿಡದಿದ್ದರೆ ವಿಮಲಾ ಇವತ್ತೂ ಊಟ ಮಾಡುವುದಿಲ್ಲ. ಮನ್ಮಥಪ್ಪ ಹುಣಸೆಗಿಡದ ಕಡೆ ನೋಡಿದ, ಬಸ್ಸಿನ ಕಡೆ ನೋಡಿದ. ಆಮೇಲೆ ತಂಬಾಕು ಉಗಿದು, ಅರಿವೆ ಬಿಚ್ಚಿ, ಎರಡು ಹೆಜ್ಜೆ ಮುಂದೆ ಬಂದ.

"ನಾನೇ ಮನ್ಮಥಪ್ಪ," ಎಂದ. "ದಿಬ್ಬದ ಮಾತು ಪೇಪರಿನ್ಯಾಗ ಇದ್ದಿದ್ದಿಲ್ಲ. ನಾ ಸೇರಿಸಿದ್ದು. ಡ್ರಮ್ಮು ಒಡಿಯೂದಿಲ್ಲ. ಬರ್ರಿ, ಕೈ ಹಚ್ಚರಿ."

ಮಾತು ಜೋಮು ಹಿಡಿದ ನಾಲಿಗೆಯಿಂದ ಅಡ್ಡಾದಿಡ್ಡಿ ಹೊರಬಂತು. ಮಾಳಿಂಗಪ್ಪ ಹತ್ತಿರ ಬಂದು ಅವನ ಕರಿ ಮುಖ, ಬಾತ ಗಲ್ಲ ನಿಧಾನಕ್ಕೆ ನೋಡಿದ.

"ಮನ್ಮಥಪ್ಪನೋರು ಬೆಳ್ಳಗ ಅದಾರ," ಎಂದ.

"ಇದು ಇದ್ದಿಲು, ಮಾಳಿಂಗಪ್ಪ. ದಿನಾ ನನ್ನ ಎದುರಿಗೇ ಕುಂದರ್ತಿ."

"ಹೆಸರು ಯಾರಿಗೆ ಬೇಕಾದ್ರೂ ಗೊತ್ತಿರ್ತದ. ಅವರ ಹೆಣಾನೂ ಈ ಬಸ್ಸಿನ್ಯಾಗ ಬರೂದಿಲ್ಲ. ನೀ ಜೀವಂತ ಬಂದೀದಿ."

"ಪಾಪ, ಬ್ಯಾನಿ ತಲಿಗೇರ್ಯಾದ," ಎಂದಳು ಸುಂದರಬಾಯಿ.

"ಬ್ಯಾನಿ ಅಲ್ಲ ಎಂಥಾದೂ ಅಲ್ಲ," ಹಿಂದಿನಿಂದ ಒಬ್ಬ ಹೇಳಿದ. "ಮಾಲಕ ಇಟ್ಟ ಮನುಷ್ಯಾ ಇವ. ಊರ ಹೊರಗ ಹತ್ತ್ಯಾನ, ಡ್ರಮ್ಮಿನ ಬಾಜೂಕ ಅಂಜದ ಕುಂತಾನ. ಹೊಸ ಕಂಪನಿ ಹೊಗಳಾಂವ ಆ ಕಂಪನಿದು ಉಂಡಿರ್ತಾನಂತ ಪೇಪರಿನ್ಯಾಗೇ ಬಂದದಲ್ಲ."

ಎಲ್ಲರೂ ತಲೆಯಾಡಿಸಿದರು. ಮನ್ಮಥಪ್ಪನಿಗೆ ಅಳು ಬರುವಷ್ಟು ಸಿಟ್ಟು ಬಂತು. ಅದರ ಕೂಡ, ಹೇಳಬಾರದು, ಸ್ವಲ್ಪ ಹೆಮ್ಮೆಯೂ ಆಯಿತು. ಯಾವ ಮಾಸ್ತರನ ಪಾಠವೂ ಆ ಊರಿನವರ ತಲೆಗೆ ಇಷ್ಟು ಚೆನ್ನಾಗಿ ಹತ್ತಿರಲಿಲ್ಲ.

ಕರಿಕೋಟಿನವನು ಕೋಟು ಬಿಚ್ಚಿ ಗಿಡದ ಟೊಂಗೆಗೆ ಹಾಕಿದ. ಒಂದು ಕಲ್ಲು ಎತ್ತಿಕೊಂಡು ಗಾಲಿಯ ಹಿಂದೆ ಹೋಗಿ ನಿಂತ. ಮನ್ಮಥಪ್ಪ ಪಂಖದ ಹಿಡಿಕೆ ಹಿಡಿದು ತಿರುಗಿಸತೊಡಗಿದ. ಕೆಂಡ ಹೊತ್ತಿತು, ಬೂದಿ ಹಾರಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಅರ್ಧ ತಾಸಿನ ಮೇಲೆ ಇಂಜಿನ್ನು ಕೆಮ್ಮಿ ಎದ್ದಿತು. ಬಸ್ಸು ಗೇಣು ಗೇಣು ಏರಿತು. ಹಿರಿಯ ಪ್ರತಿ ಗೇಣಿಗೂ ಕಲ್ಲು ಸರಿಸಿದ. ದಿಬ್ಬದ ನೆತ್ತಿ ಮುಟ್ಟಿದಾಗ ಹಿಂದೆ ತಿರುಗಿ ನೋಡಿದರೆ ಉಳಿದವರೆಲ್ಲ ಊರಿನ ಕಡೆ ನಡೆದು ಹೋಗುತ್ತಿದ್ದರು. ಈ ಸಲ ಒಡೆಯಲಿಲ್ಲವೆಂದರೆ ಮುಂದಿನ ದಿಬ್ಬಕ್ಕೆ ಎರಡು ಪಾಲು ಜೋರಾಗಿ ಒಡೆಯುತ್ತದೆ ಎಂದು ಮಾಳಿಂಗಪ್ಪ ಹೇಳಿದ್ದನಂತೆ.

ಮೂವರೇ ಜಹೀರಾಬಾದು ಮುಟ್ಟಿದರು. ಮನ್ಮಥಪ್ಪ ಇಳಿದವನೇ ಓಡಿದ. ವಿಕಾರಾಬಾದಿನ ಕಡೆಯಿಂದ ರೈಲು ಬಂದು ನಿಂತಿತ್ತು. ಒಂದೊಂದೇ ಡಬ್ಬಿಯ ಕಿಟಕಿಗೆ ಮುಖ ಹಚ್ಚಿ, "ತಾಂಡೂರಿನ ರೇವಪ್ಪನೋರು ಅದಾರೇನ್ರಿ?" ಎಂದು ಕೇಳುತ್ತ ಹೋದ. ಆ ಮುಖ ಕಂಡು ಎರಡು ಡಬ್ಬಿಯಲ್ಲಿ ಕಿಟಕಿ ಮುಚ್ಚಿದರು, ಮೂರನೆಯದರಲ್ಲಿ ಕೂಸು ಅತ್ತಿತು.

"ಇಲ್ಲಿ ಅದೀನಿ ಬರ್ರಿ," ಎಂದು ಹಿಂದಿನಿಂದ ದನಿ ಬಂತು.

ಕರಿಕೋಟಿನವನು ನಳದ ಹತ್ತಿರ ಕೈ ತೊಳೆಯುತ್ತಿದ್ದ. "ನಾನೇ ರೇವಪ್ಪ. ನಿನ್ನಿನೇ ನಿಮ್ಮ ಊರಿಗಿ ಬಂದೆ. ಹೆಣ್ಣಿನ ಮನಿ ವಿಚಾರ ಹೇಳದ ಕೇಳದ ಬಂದು ತಗೋಬೇಕು, ನಮ್ಮಲ್ಲಿ ಹಂಗ."

ಮನ್ಮಥಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದ. "ಹಂಗಾದ್ರ ದಿಬ್ಬದ ಮ್ಯಾಲ ನಾ ಯಾರಂತ ನಿಮಗ ಗೊತ್ತಿತ್ತು."

"ನಿನ್ನಿ ಸಂಜಿಗೇ ಗೊತ್ತಾತು. ಕಟ್ಟಿ ಮೂಲ್ಯಾಗ ಕುಂತು ಕೇಳೀನಿ." ರೇವಪ್ಪ ಜೇಬಿನಿಂದ ಮಡಿಚಿದ ಪೇಪರು ತೆಗೆದ. "ನೀವು ಓದಿದ್ದೂ ಇದೇ ಪೇಪರು. ನಾ ತಾಂಡೂರ ಸ್ಟೇಷನ್ನಿನ್ಯಾಗ ತಗೊಂಡು ಮೊದಲೇ ಓದಿದ್ದೆ. ಇದರಾಗ ಆ ಸುದ್ದಿ ಆರೇ ಸಾಲು ಅದ. ನೀವು ಅರ್ಧ ತಾಸು ಓದಿದ್ರಿ."

ಮನ್ಮಥಪ್ಪ ಶಾಲಿನ ತುದಿಯಿಂದ ಮುಖ ಒರೆಸಿಕೊಂಡ.

"ದಿಬ್ಬದ ಮ್ಯಾಲ ನೀವು ಖರೆ ಹೇಳಿದ್ರಿ," ಎಂದ ರೇವಪ್ಪ. "ಅದು ನನಗ ಮನಸಿಗಿ ಬಂತು. ಖರೆ ಹೇಳ್ದಾಗ ಊರು ನಂಬಲಿಲ್ಲ, ಅದು ಬ್ಯಾರೆ. ಈಗ ನನ್ನ ಕಷ್ಟ ಕೇಳ್ರಿ. ಮಗಳ ಬಗ್ಗೆ ನೀವು ಎರಡು ಪುಟ ಬರದೀರಿ. ಶಾಣ್ಯಾಕಿ, ತಾಳ್ಮಿಯಾಕಿ, ಓದು ಬರಹ ಬರ್ತದ. ಇದರಾಗ ಹುಡುಗಿದು ಎಷ್ಟು, ನಿಮ್ಮದು ಎಷ್ಟು? ಊರಾಗ ಕೇಳ್ದೆ. ಕೇಳ್ದೋರೆಲ್ಲ, ಮನ್ಮಥಪ್ಪನೋರು ಹಂಗ ಹೇಳ್ಯಾರ ಅಂದ್ರು. ಇಡೀ ಊರಾಗ ಸ್ವಂತ ಮಾತು ಆಡೋರು ಒಬ್ರೂ ಸಿಗಲಿಲ್ಲ."

"ಹುಡುಗಿ ಬಗ್ಗೆ ಬರದದ್ದೆಲ್ಲ ಖರೆ," ಎಂದ ಮನ್ಮಥಪ್ಪ. "ಕಡಿಮೀನೇ ಬರದೀನಿ. ಆಕೀ ತಾಳ್ಮಿ ನನ್ನ ಕೂಡ ಹತ್ತೊಂಬತ್ತು ವರ್ಷ ಕಳದದ್ದರಾಗೇ ತಿಳೀತದ."

ರೇವಪ್ಪ ಮೊದಲ ಸಲ ನಕ್ಕ. "ಅದನ್ನ ನಂಬತೀನಿ. ಒಂದು ಕೆಲಸ ಮಾಡೋಣು. ನಮ್ಮೋರೊಬ್ರು ಯಾವಾಗೋ ಒಮ್ಮೆ ನಿಮ್ಮ ಕಟ್ಟಿಗಿ ಬಂದು ಕುಂದರ್ತಾರ. ಪೇಪರಿನ್ಯಾಗ ಇದ್ದಷ್ಟೇ ನೀವು ಓದಬೇಕು, ಊರು ಅದನ್ನ ನಂಬಬೇಕು. ಅಷ್ಟಾತಂದ್ರ ನಿಮ್ಮ ಎರಡು ಪುಟಾನೂ ಖರೆ ಅಂತ ತಿಳಿದು ಹುಡುಗೀನ ಮಾಡಕೋತೀವಿ. ಇಲ್ಲಂದ್ರ ಬೀದರಿನ ಮಾತು ಮುಂದ ನಡೀತದ." ಸೀಟಿ ಊದಿತು. ರೇವಪ್ಪ ರೈಲು ಹತ್ತಿ ಹೋದ.

ಸಂಜೆಯ ಬಸ್ಸಿನಲ್ಲಿ ಅಖಬಾರಿನ ಜೊತೆ ಮನ್ಮಥಪ್ಪನೂ ಮರಳಿದ. ಛತ್ರಿ ಹಿಡಿದ ಒಬ್ಬ ಸಣಕಲು ಮನುಷ್ಯನನ್ನು ಬಿಟ್ಟರೆ ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಬೇವಿನ ಗಿಡದ ಹತ್ತಿರ ಇಳಿದು ಹೊಲದ ಬದುವಿನ ಮೇಲಿಂದ ಮನೆಗೆ ಬಂದು, ಮೂರು ಸಲ ಮುಖ ತೊಳೆದು ನಡೆದದ್ದನ್ನೆಲ್ಲ ತಾರಾಬಾಯಿಗೆ ಹೇಳಿದ.

ಬಾಗಿಲ ಹತ್ತಿರ ನಿಂತಿದ್ದ ವಿಮಲಾ ಹೇಳಿದಳು, "ಅಪ್ಪ, ಇದ್ದಷ್ಟೇ ಓದು. ಅಷ್ಟೇ ಸಾಕು."

"ಓದ್ತೀನವ್ವ," ಎಂದ ಮನ್ಮಥಪ್ಪ. ಅಷ್ಟು ಚಿಕ್ಕ ಉತ್ತರ ಅವನು ಜನ್ಮದಲ್ಲಿ ಕೊಟ್ಟಿರಲಿಲ್ಲ.

ಕಟ್ಟೆ ತುಂಬಿತ್ತು. ಎಂದಿಗಿಂತ ಇಮ್ಮಡಿ ಮಂದಿ. ಅಂಗಡಿಯ ಶಂಕ್ರೆಪ್ಪ ಎದ್ದು ಬಂದು ಕೈ ಹಿಡಿದು ಕೂಡಿಸಿದ.

"ಮನ್ಮಥಪ್ಪನೋರೆ, ಇವತ್ತೊಂದು ಆಗಬಾರದ್ದು ಆಗ್ಯಾದ. ಬಸ್ಸಿನ ಮಾಲಕ ಒಬ್ಬ ಕರಿ ಮಾರಿಯವನ್ನ ತಂದು ನಿಮ್ಮ ಹೆಸರು ಹೇಳಿಸ್ಯಾನ. ಪೇಪರಿನ ಮಾತೆಲ್ಲ ಸುಳ್ಳು ಅಂತ ಹೇಳಿಸ್ಯಾನ. ನಮ್ಮೋರು ನಂಬಲಿಲ್ಲ, ಇಳದು ನಡಕೋತ ಬಂದ್ರು."

ಮಾಳಿಂಗಪ್ಪ ಹೊಗಳಿಕೆಗೆ ನಾಚಿ ನೆಲ ನೋಡಿದ. ಅವನಿಗೆ ಯಾರೋ ಎಲೆ ಅಡಿಕೆ ಕೊಟ್ಟರು.

ಮನ್ಮಥಪ್ಪ ಕಟ್ಟೆಯ ಉದ್ದಕ್ಕೂ ಮುಖಗಳನ್ನು ನೋಡಿದ. ಹದಿನೈದು ವರ್ಷದಲ್ಲಿ ಮೊದಲ ಸಲ. ಮೂಲೆಯಲ್ಲಿ ಆ ಛತ್ರಿಯ ಮನುಷ್ಯ ಮೊಣಕಾಲ ಮೇಲೆ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಕೂತಿದ್ದ. ಇಷ್ಟು ಬೇಗ ಬರುತ್ತಾರೆಂದು ಮನ್ಮಥಪ್ಪ ಎಣಿಸಿರಲಿಲ್ಲ. ಪೇಪರು ಬಿಚ್ಚಿ ಓದಿದ.

"ಇದ್ದಿಲು ಬಸ್ಸು ಇನ್ನೂ ಹೆಚ್ಚು ಮಾಡ್ತಾರಂತ. ಗುಲಬರ್ಗಾದಾಗ ಒಂದು ಬ್ಯಾಂಕಿನ ಶಾಖಾ ತೆರೀತಾರಂತ. ಹತ್ತಿ ಧಾರಣಿ ನಿನ್ನಿದೇ." ಪೇಪರು ಮಡಿಚಿದ.

ಮಂದಿ ಕಾದರು.

"ಮುಂದ?" ಎಂದ ಶಂಕ್ರೆಪ್ಪ.

"ಇಷ್ಟೇ."

"ಇಷ್ಟೇ ಹ್ಯಾಂಗಾತು? ಬ್ಯಾಂಕು ಯಾವಾಗ ಮುಳಗತದ, ಅದು ಹೇಳ್ರಿ."

"ಅದು ಪೇಪರಿನ್ಯಾಗ ಇಲ್ಲ."

"ದಿನಾ ಇರತಿತ್ತು," ಎಂದ ಮಾಳಿಂಗಪ್ಪ.

ಮನ್ಮಥಪ್ಪ ಮೂಲೆಯ ಕಡೆ ಒಮ್ಮೆ ನೋಡಿ ಉಸಿರೆಳೆದುಕೊಂಡ. "ದಿನಾ ಇರತಿದ್ದಿಲ್ಲ. ನಾ ಸೇರಸತಿದ್ದೆ. ಇನ್ನ ಸೇರಸೂದಿಲ್ಲ. ಬಸ್ಸಿನ ಮಾತೂ ನಂದೇ. ಡ್ರಮ್ಮು ಒಡಿಯೂದಿಲ್ಲ."

ಮಾಳಿಂಗಪ್ಪ ಎದ್ದು, ಅಂಗಡಿಯ ಕಂದೀಲು ತಂದು, ಮನ್ಮಥಪ್ಪನ ಮುಖದ ಹತ್ತಿರ ಹಿಡಿದ. ಮೂರು ಸಲ ತೊಳೆದರೂ ಕಿವಿಯ ಹಿಂದೆ ಬೆರಳಗಲ ಕರಿ ಉಳಿದಿತ್ತು. ಎಡಗಲ್ಲ ಇನ್ನೂ ಬಾತೇ ಇತ್ತು.

"ಇದೇ ಮಾತು. ಇದೇ ಗಲ್ಲ," ಎಂದ ಮಾಳಿಂಗಪ್ಪ. "ದಿಬ್ಬದ ಮ್ಯಾಲ ಇದ್ದಾಂವ ಇವರೇ."

ಬೆಳಿಗ್ಗೆ ಯಾರೂ ನಂಬದ ಮಾತನ್ನು ಈಗ ಎಲ್ಲರೂ ಒಮ್ಮೆಲೇ ನಂಬಿದರು. ಉಳಿದದ್ದನ್ನು ಅವರು ತಾವೇ ಕೂಡಿಸಿಕೊಂಡರು. ಹದಿನೈದು ವರ್ಷ ಕಲಿತ ಪಾಠವಲ್ಲವೆ.

"ಮಾಲಕಂದು ಉಂಡಾರ," ಎಂದ ಒಬ್ಬ.

"ಬ್ಯಾಂಕಿನೋರದೂ ಉಂಡಿರಬೇಕು. ಮುಳುಗೂದು ಓದಲೇ ಇಲ್ಲ," ಎಂದ ಮತ್ತೊಬ್ಬ.

"ಪೇಪರು ಮುಚ್ಚಿಟ್ಟು ಸುಳ್ಳು ಓದ್ಲಿಕ್ಹತ್ಯಾರ," ಎಂದ ಶಂಕ್ರೆಪ್ಪ, ಬಹಳ ನೊಂದುಕೊಂಡು. "ಇವರು ಹೇಳೂದು ಒಂದೂ ನಂಬಂಗಿಲ್ಲ."

ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಶಂಕ್ರೆಪ್ಪ ಕಂದೀಲು ಒಳಗೆ ಒಯ್ದು ಅಂಗಡಿಯ ಹಲಗೆ ಹಾಕತೊಡಗಿದ. ಕಟ್ಟೆಯ ಮೇಲೆ ಮನ್ಮಥಪ್ಪನೂ ಛತ್ರಿಯವನೂ ಇಬ್ಬರೇ ಉಳಿದರು.

"ನಾ ಹಣಮಯ್ಯ," ಎಂದ ಅವನು. "ಜಹೀರಾಬಾದಿನ್ಯಾಗ ಇರ್ತೀನಿ. ರೇವಪ್ಪನೋರು ಸ್ಟೇಷನ್ನಿನಿಂದ ಚೀಟಿ ಕಳಿಸಿದ್ರು. ಕುಂತು ಕೇಳಿ, ಊರು ಏನಂತದ ಬರಕೊಂಡ್ ಬಾ ಅಂದ್ರು."

"ನಾ ಇದ್ದಷ್ಟೇ ಓದೀನಿ," ಎಂದ ಮನ್ಮಥಪ್ಪ. "ನೀವೇ ಪೇಪರು ನೋಡ್ರಿ."

ಹಣಮಯ್ಯ ಪೇಪರು ತೆಗೆದುಕೊಂಡು, ಉಳಿದಿದ್ದ ಬೆಳಕಿನಲ್ಲಿ ಆ ಮೂರು ಸುದ್ದಿ ಮೊದಲಿನಿಂದ ಕೊನೆಯವರೆಗೂ ಓದಿ ಹಿಂದಕ್ಕೆ ಕೊಟ್ಟ. "ಖರೆ. ಒಂದು ಅಕ್ಷರಾನೂ ಹೆಚ್ಚು ಕಡಿಮಿ ಆಗಿಲ್ಲ."

"ಏನ್ ಬರದೀರಿ?"

ಹಣಮಯ್ಯ ಪುಸ್ತಕ ತೋರಿಸಿದ. ಎರಡೇ ಸಾಲು ಇತ್ತು: "ಇವರು ಹೇಳೂದು ಒಂದೂ ನಂಬಂಗಿಲ್ಲ ಎಂದು ಊರವರು ಹೇಳಿದರು. ಹೇಳಿ ಎದ್ದು ಹೋದರು."

ಮನ್ಮಥಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ ಹಣಮಯ್ಯನ ಕೈ ಹಿಡಿದುಕೊಂಡ. "ನೀವು ಕಣ್ಣಾರೆ ನೋಡೀರಿ. ಕೆಳಗ ನಿಮ್ಮ ಸ್ವಂತ ಮಾತು ಒಂದೆರಡು ಸೇರಸ್ರಿ. ನನ್ನ ಮಗಳ ಸಲುವಾಗಿ."

ಹಣಮಯ್ಯ ಮೆಲ್ಲಗೆ ಕೈ ಬಿಡಿಸಿಕೊಂಡು ಛತ್ರಿ ಎತ್ತಿಕೊಂಡ. ಅವನಿಗೂ ಕೆಡುಕೆನಿಸಿದ್ದು ಮುಖದಲ್ಲಿ ಕಾಣುತ್ತಿತ್ತು.

"ಅದೊಂದು ಮಾತ್ರ ಮಾಡಬ್ಯಾಡ ಅಂತ ಹೇಳಿ ಕಳಿಸ್ಯಾರ್ರಿ," ಎಂದ.